ಕಾಶಿಯನ್ನು ನದಿಯ ಕಡೆಯಿಂದ ತಿಳಿಯುವುದು: ಮೊದಲ ಸಲ ಹೋಗುವವರಿಗೆ

ಕಾಶಿಗೆ ಹೋಗಿಬಂದವರ ಮಾತು ಕೇಳುತ್ತಿದ್ದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಮೂರು ಗಂಟೆ ಸರದಿಯಲ್ಲಿ ನಿಂತೆವು, ಅರೆಕ್ಷಣ ದರ್ಶನವಾಯಿತು, ಸಂಜೆ ಆರತಿ ನೋಡಿದೆವು, ಸೀರೆ ಕೊಂಡೆವು, ಮರುದಿನ ಅಯೋಧ್ಯೆಗೆ ಹೊರಟೆವು ಎನ್ನುತ್ತಾರೆ. ಆದರೆ ನದಿ ಯಾವ ದಿಕ್ಕಿಗೆ ಹರಿಯುತ್ತಿತ್ತು, ಆರತಿ ನಡೆದ ಜಾಗಕ್ಕೂ ದೇವಾಲಯಕ್ಕೂ ಎಷ್ಟು ದೂರ, ಆಚೆ ದಡದಲ್ಲಿ ಒಂದೂ ಮನೆ ಏಕಿರಲಿಲ್ಲ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ.

ಒಂದು ಕಾಲಕ್ಕೆ ಜೀವಮಾನಕ್ಕೊಮ್ಮೆ ಆಗಬೇಕಿದ್ದ ಈ ಯಾತ್ರೆ ಈಗ ಒಂದು ವಾರದ ರಜೆಯಲ್ಲಿ ಮುಗಿಯುತ್ತಿದೆ. ಕರ್ನಾಟಕ ಸರ್ಕಾರದ ಸಹಾಯಧನವಿರುವ 'ಭಾರತ್ ಗೌರವ್ ಕಾಶಿ ದರ್ಶನ' ರೈಲು 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಮೊದಲ ಸಲ ಹೊರಟ ಮೇಲೆ, ಹಿಂದೆಂದೂ ವಿಂಧ್ಯದಾಚೆ ಕಾಲಿಡದಿದ್ದ ಹಿರಿಯರೂ ಧೈರ್ಯವಾಗಿ ಹೊರಡುತ್ತಿದ್ದಾರೆ. ಅವರಿಗೂ ಅವರನ್ನು ಕರೆದೊಯ್ಯುವ ಮಕ್ಕಳಿಗೂ ಬೇಕಾದ ಹಿನ್ನೆಲೆಯನ್ನು ಒದಗಿಸುವುದು ಈ ಬರಹದ ಉದ್ದೇಶ. ತಿರುಪತಿಗೋ ಧರ್ಮಸ್ಥಳಕ್ಕೋ ಹೋಗುವ ಹಾಗೆ ಒಂದೇ ದೇವಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಕಾಶಿ ದಿಕ್ಕು ತಪ್ಪಿಸುತ್ತದೆ. ಮೊದಲು ನದಿಯನ್ನು ತಿಳಿದುಕೊಂಡರೆ ಊರಿನ ಮೆಟ್ಟಿಲು, ಗಲ್ಲಿ, ಚಿತೆ, ಜಾತ್ರೆ ಎಲ್ಲಕ್ಕೂ ಕಾರಣ ಸಿಗುತ್ತದೆ.

ಮೂರು ಹೆಸರು, ನಾಲ್ಕಾರು ನಿಲ್ದಾಣ

ಕಾಶಿ, ವಾರಾಣಸಿ, ಬನಾರಸ್ ಮೂರೂ ಒಂದೇ ಊರು. 'ಕಾಶ್' ಎಂಬ ಸಂಸ್ಕೃತ ಧಾತುವಿಗೆ ಹೊಳೆಯುವುದು ಎಂಬ ಅರ್ಥವಿರುವುದರಿಂದ ಕಾಶಿ ಎಂದರೆ ಬೆಳಕಿನ ಊರು. ಉತ್ತರದಲ್ಲಿ ಗಂಗೆಯನ್ನು ಸೇರುವ ವರುಣಾ, ದಕ್ಷಿಣದಲ್ಲಿ ಸೇರುವ ಅಸಿ, ಈ ಎರಡು ಹೊಳೆಗಳ ನಡುವಿನ ನೆಲ ವಾರಾಣಸಿ. ಜನರ ಬಾಯಲ್ಲಿ ಸವೆದು ಬಂದ ರೂಪ ಬನಾರಸ್. ಸರ್ಕಾರಿ ದಾಖಲೆಗಳಲ್ಲಿ 1956ರಿಂದ ವಾರಾಣಸಿ ಎಂಬುದೇ ಅಧಿಕೃತ ಹೆಸರು.

ಇದು ಬರೀ ಶಬ್ದಶಾಸ್ತ್ರವಲ್ಲ, ಟಿಕೆಟ್ಟಿನ ವಿಷಯವೂ ಹೌದು. ವಾರಾಣಸಿ ಜಂಕ್ಷನ್, ಬನಾರಸ್, ಕಾಶಿ, ವಾರಾಣಸಿ ಸಿಟಿ ಎಂದು ಇಲ್ಲಿ ಬೇರೆ ಬೇರೆ ರೈಲು ನಿಲ್ದಾಣಗಳಿವೆ. ಮೊದಲನೆಯದನ್ನು ಊರಿನವರು 'ಕ್ಯಾಂಟ್' ಎನ್ನುತ್ತಾರೆ. ಎರಡನೆಯದು 2021ರವರೆಗೆ ಮಂಡುವಾಡೀಹ್ ಎನಿಸಿಕೊಂಡಿತ್ತು. ಮೈಸೂರಿನಿಂದ ವಾರಾಣಸಿಗೆ ನೇರ ರೈಲಿದೆ. ಬೆಂಗಳೂರಿನಿಂದ ಬಿಹಾರದ ಕಡೆಗೆ ಹೋಗುವ ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟವರು ನದಿಯಾಚೆಯ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್ನಿನಲ್ಲಿ ಇಳಿಯಬೇಕು. ಹಿರಿಯರಿಗೆ ಮೊಘಲ್‌ಸರಾಯ್ ಎಂದರೆ ಕೂಡಲೇ ತಿಳಿಯುತ್ತದೆ. ವಿಮಾನ ನಿಲ್ದಾಣ ಬಾಬತ್‌ಪುರದಲ್ಲಿದ್ದು, ಅಲ್ಲಿಂದ ಊರಿಗೆ ಸುಮಾರು 25 ಕಿ.ಮೀ. ಎಲ್ಲಿ ಇಳಿದರೂ ವಾಹನವೆಂಬುದು ಗೊದೌಲಿಯಾ ಚೌಕದ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಕಾಲುಗಳೇ ಗತಿ.

ಗಂಗೆ ಇಲ್ಲಿ ಉತ್ತರಕ್ಕೆ ತಿರುಗಿದ್ದೇಕೆ?

ಹಿಮಾಲಯದಿಂದ ಇಳಿದು ಬಯಲು ಸೇರಿದ ಗಂಗೆ ಒಟ್ಟಾರೆ ಆಗ್ನೇಯಕ್ಕೆ, ಅಂದರೆ ಬಂಗಾಳ ಕೊಲ್ಲಿಯ ಕಡೆಗೆ ಸಾಗುತ್ತದೆ. ದಾರಿಯಲ್ಲಿ ಹಾವಿನಂತೆ ಬಳುಕುತ್ತ ಹೋಗುವ ಈ ನದಿ ಕಾಶಿಯ ಬಳಿ ದೊಡ್ಡದೊಂದು ತಿರುವು ತೆಗೆದುಕೊಂಡು ಕೆಲವು ಕಿಲೋಮೀಟರು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಇದಕ್ಕೇ ಉತ್ತರವಾಹಿನಿ ಎನ್ನುವುದು. ಗಂಗೆ ತನ್ನ ತವರಾದ ಹಿಮಾಲಯದ ಕಡೆಗೆ ಹಿಂತಿರುಗಿ ನೋಡುತ್ತಾಳೆ ಎಂದು ಭಾವುಕರು ಹೇಳುತ್ತಾರೆ; ಉತ್ತರಕ್ಕೆ ಹರಿಯುವ ನೀರಿನಲ್ಲಿ ಮಿಂದರೆ ಪುಣ್ಯ ಹೆಚ್ಚು ಎಂಬ ನಂಬಿಕೆಗೂ ಇದೇ ಬುನಾದಿ.

ತಿರುವಿನಲ್ಲಿ ಭೌತಿಕವಾಗಿ ಏನಾಗುತ್ತದೆ ಎಂಬುದನ್ನು ಘಾಟಿಯ ಬಸ್ಸಿನಲ್ಲಿ ಕುಳಿತವರೆಲ್ಲ ಬಲ್ಲರು. ಬಸ್ಸು ಎಡಕ್ಕೆ ತಿರುಗಿದರೆ ಒಳಗಿದ್ದವರು ಬಲಕ್ಕೆ ವಾಲುತ್ತಾರೆ. ನದಿಯ ನೀರೂ ಹಾಗೆಯೇ ತಿರುವಿನ ಹೊರಮಗ್ಗುಲಿಗೆ ಒತ್ತಿ ಹರಿಯುತ್ತದೆ. ಹೊರದಂಡೆಯ ಬುಡವನ್ನು ಕೊರೆದು ಅಲ್ಲಿ ಆಳ ಮಾಡುತ್ತದೆ, ನಿಧಾನವಾದ ಒಳಮಗ್ಗುಲಿನಲ್ಲಿ ಹೊತ್ತು ತಂದ ಮರಳನ್ನು ಇಳಿಸುತ್ತದೆ. ಕಾಶಿಯಲ್ಲಿ ಹೊರದಂಡೆ ಪಶ್ಚಿಮಕ್ಕಿದೆ, ಒಳದಂಡೆ ಪೂರ್ವಕ್ಕಿದೆ. ಸಾಧಾರಣ ಮಣ್ಣಾಗಿದ್ದರೆ ಪಶ್ಚಿಮದ ದಂಡೆ ಎಂದೋ ಕುಸಿದು ಹೋಗುತ್ತಿತ್ತು. ಆದರೆ ಅಲ್ಲಿರುವುದು ಕಂಕರ್ ಎಂದು ಕರೆಯುವ ಸುಣ್ಣದ ಗಂಟುಗಳು ಬೆರೆತ ಗಟ್ಟಿ ಜೇಡಿಯ ಎತ್ತರದ ದಿಬ್ಬ. ನೀರಿನ ಹೊಡೆತವನ್ನು ಅದು ಬಹುಕಾಲದಿಂದ ತಾಳಿಕೊಂಡು ಬಂದಿದೆ.

ಆಚೆ ದಡದ ಪ್ರಶ್ನೆಗೆ ಉತ್ತರ ಇಲ್ಲಿದೆ. ಪೂರ್ವದ ದಡ ಪ್ರತಿ ಮಳೆಗಾಲ ಮುಳುಗಿ, ಪ್ರತಿ ಚಳಿಗಾಲ ಮರಳುಗಾಡಾಗಿ ಏಳುವ ತಗ್ಗು ಪ್ರದೇಶವಾದ್ದರಿಂದ ಅಲ್ಲಿ ಮನೆ ನಿಲ್ಲುವುದಿಲ್ಲ. ಊರೆಲ್ಲ ಒಂದೇ ದಡದಲ್ಲಿ, ಪೂರ್ವಕ್ಕೆ ಮುಖಮಾಡಿ, ಎತ್ತರದ ದಿಬ್ಬದ ಮೇಲೆ ಕಿಕ್ಕಿರಿದು ನಿಂತಿದೆ. ಎದುರಿಗೆ ತಡೆಯಿಲ್ಲದ ಬಯಲಾದ್ದರಿಂದ ಸೂರ್ಯ ಹುಟ್ಟಿದೊಡನೆ ಮೊದಲ ಬೆಳಕು ನೇರವಾಗಿ ಮೆಟ್ಟಿಲುಗಳ ಮೇಲೆ ಬೀಳುತ್ತದೆ. ಸ್ನಾನ ಮಾಡಿ ಅರ್ಘ್ಯ ಬಿಡುವವನು ನದಿಗೆ ಮುಖಮಾಡಿದರೆ ಸೂರ್ಯನಿಗೂ ಮುಖಮಾಡಿದಂತೆ. ಬೆಳಕಿನ ಊರು ಎಂಬ ಹೆಸರಿನ ಅರ್ಥವನ್ನು ಯಾರೂ ಅಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಮುಂಜಾನೆ ಐದೂವರೆಗೆ ಎದ್ದು ಬಂದರೆ ಸಾಕು.

ಘಟ್ಟಗಳು: ಊರಿನ ಮುಖ್ಯ ಬೀದಿ

ಘಟ್ಟ ಎಂದರೆ ನಮಗೆ ಮೊದಲು ನೆನಪಾಗುವುದು ಆಗುಂಬೆಯೋ ಶಿರಾಡಿಯೋ. ಸ್ನಾನಘಟ್ಟ ಎನ್ನುವಾಗ ಮಾತ್ರ ಅದೇ ಪದ ನೀರಿಗಿಳಿಯುವ ಮೆಟ್ಟಿಲಾಗುತ್ತದೆ. ಕಾಶಿಯಲ್ಲಿ ಘಾಟ್ ಎಂದರೆ ಈ ಎರಡನೆಯ ಅರ್ಥ. ಎತ್ತರದ ದಿಬ್ಬದಿಂದ ತಗ್ಗಿನ ನೀರಿಗೆ ಇಳಿಯಲು ಮೆಟ್ಟಿಲು ಬೇಕೇ ಬೇಕು. ಜೊತೆಗೆ ಈ ಕಲ್ಲಿನ ಹಾಸು ದಂಡೆಯ ಕೊರೆತವನ್ನೂ ತಡೆಯುತ್ತದೆ. ಈಗ ಕಾಣುವ ಕಲ್ಲಿನ ಘಟ್ಟಗಳಲ್ಲಿ ಬಹುಪಾಲು 18ನೇ ಶತಮಾನದಿಂದೀಚೆಗೆ ಮರಾಠರೂ ಬೇರೆ ಬೇರೆ ಪ್ರಾಂತ್ಯಗಳ ಅರಸರೂ ಕಟ್ಟಿಸಿದವು. ತಮ್ಮ ಊರಿನ ಜನ ಬಂದರೆ ತಂಗಲು ಮೇಲೊಂದು ಅರಮನೆಯೋ ಛತ್ರವೋ, ಕೆಳಗೆ ಸ್ನಾನಕ್ಕೆ ಮೆಟ್ಟಿಲು, ಇದು ಅವರು ಅನುಸರಿಸಿದ ಪದ್ಧತಿ. ಹೀಗೆ ಇಡೀ ಭಾರತ ತಲಾ ಒಂದು ತುಂಡು ದಂಡೆಯನ್ನು ಹಂಚಿಕೊಂಡಿದೆ.

ರೂಢಿಯಲ್ಲಿ ಘಟ್ಟಗಳ ಸಂಖ್ಯೆ 84. ದಕ್ಷಿಣದ ಅಸಿಯಿಂದ ಉತ್ತರದ ರಾಜಘಾಟಿನವರೆಗೆ ಸುಮಾರು 7 ಕಿ.ಮೀ. ಒಂದಕ್ಕೊಂದು ಅಂಟಿಕೊಂಡೇ ಇರುವುದರಿಂದ, ನೀರು ಇಳಿದ ತಿಂಗಳುಗಳಲ್ಲಿ ದಂಡೆಯಗುಂಟ ನಡೆದೇ ಬಹುಭಾಗವನ್ನು ನೋಡಬಹುದು. ಗಲ್ಲಿಯಲ್ಲಿ ದಾರಿ ತಪ್ಪಿದರೆ ಒಂದು ಸುಲಭ ಉಪಾಯವಿದೆ. ಯಾರನ್ನಾದರೂ 'ಘಾಟ್' ಎಂದು ಕೇಳಿ ನದಿಗೆ ಬನ್ನಿ. ನೀರಿಗೆ ಮುಖಮಾಡಿ ನಿಂತರೆ ಎದುರಿಗೆ ಪೂರ್ವ, ಎಡಗೈ ಕಡೆ ಉತ್ತರ, ಬಲಗೈ ಕಡೆ ದಕ್ಷಿಣ. ದಶಾಶ್ವಮೇಧದಲ್ಲಿ ನಿಂತವರಿಗೆ ಎಡಗಡೆ ಮಣಿಕರ್ಣಿಕೆ, ಬಲಗಡೆ ಕೇದಾರ, ಹರಿಶ್ಚಂದ್ರ, ಅಸಿ. ಘಟ್ಟಗಳ ಹೆಸರನ್ನು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತಾರೆ. ಮೊಬೈಲಿನ ನಕ್ಷೆ ಆ ಇಕ್ಕಟ್ಟಿನ ಗಲ್ಲಿಗಳಲ್ಲಿ ಎಡವುತ್ತದೆ, ಈ ಲೆಕ್ಕ ತಪ್ಪುವುದಿಲ್ಲ.

ದಕ್ಷಿಣದಿಂದ ಹೊರಟರೆ ಮೊದಲು ಅಸಿ, ಅದರಾಚೆಗೆ ತುಲಸೀದಾಸರು ನೆಲೆಸಿದ್ದ ತುಲಸೀ ಘಾಟ್. ಮುಂದೆ ಹನುಮಾನ್ ಘಾಟಿನ ಸುತ್ತ ದಕ್ಷಿಣ ಭಾರತೀಯರ ಹಳೆಯ ಕೇರಿ. ಮಾತು ಕನ್ನಡವೋ ತಮಿಳೋ ತೆಲುಗೋ ಎಂದು ಕಿವಿ ಅರಸುವುದು ಇಲ್ಲಿಯೇ. ಅದಕ್ಕೆ ತಾಗಿಕೊಂಡು, ಹರಿಶ್ಚಂದ್ರ ಘಾಟಿಗೆ ಮೊದಲು, ಮೈಸೂರು ಸಂಸ್ಥಾನ ಕಟ್ಟಿಸಿದ ಘಟ್ಟವಿದ್ದು ಈಗ ಅದಕ್ಕೆ ಕರ್ನಾಟಕ ಘಾಟ್ ಎಂದೇ ಹೆಸರು. ಬಹುಮಂದಿ ಕನ್ನಡಿಗರು ದೋಣಿಯಲ್ಲಿ ಇದನ್ನು ದಾಟಿ ಹೋಗುತ್ತಾರೆ, ಗಮನಿಸುವುದಿಲ್ಲ. ಮುಂದಿನ ಕೇದಾರ ಘಾಟಿನ ಗೋಡೆಗಳಲ್ಲಿ ನಮ್ಮ ಕಡೆಯ ದೇವಸ್ಥಾನಗಳ ಕೆಂಪು ಬಿಳಿ ಪಟ್ಟೆ ಕಂಡಾಗ ಒಂದು ಕ್ಷಣ ಊರಿಗೆ ಬಂದಂತೆನಿಸುತ್ತದೆ. ಗೊದೌಲಿಯಾದ ಸಮೀಪದಲ್ಲಿರುವ ಜಂಗಮವಾಡಿ ಮಠ ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕಾಶೀ ಪೀಠದ ನೆಲೆ. ಅಗಲಿದ ಹಿರಿಯರ ಹೆಸರಿನಲ್ಲಿ ಇಲ್ಲಿ ಪಿಂಡದ ಬದಲು ಶಿವಲಿಂಗವನ್ನು ಅರ್ಪಿಸುವ ವಾಡಿಕೆಯಿದ್ದು, ಅಂಗಳದಲ್ಲೂ ಗೋಡೆಯಂಚಿನಲ್ಲೂ ಲಿಂಗಗಳು ಸಾಲುಸಾಲಾಗಿ ಕೂತಿವೆ. ಒಂದೊಂದೂ ಒಂದೊಂದು ಮನೆಯ ನೆನಪು.

ಮಂಡಿನೋವಿನವರು ಘಟ್ಟವನ್ನು ಆರಿಸುವಾಗ ಎಚ್ಚರ ವಹಿಸಬೇಕು. ಕೇದಾರ, ಪಂಚಗಂಗಾ ಮುಂತಾದವುಗಳ ಮೆಟ್ಟಿಲು ಕಡಿದು. ಅಸಿ ಹೆಚ್ಚು ಬಯಲಾಗಿದೆ. ಉತ್ತರದ ತುದಿಯ ನಮೋ ಘಾಟ್ ಇತ್ತೀಚೆಗೆ ಕಟ್ಟಿದ್ದಾದ್ದರಿಂದ ಅಲ್ಲಿ ಇಳಿಜಾರು ದಾರಿಯಿದೆ. ನೀರಿನಂಚಿನ ಕೊನೆಯ ಎರಡು ಮೂರು ಮೆಟ್ಟಿಲುಗಳಲ್ಲಿ ಪಾಚಿಯೂ ಮಳೆಗಾಲ ಬಿಟ್ಟುಹೋದ ನುಣುಪು ಕೆಸರೂ ಇರುತ್ತವೆ. ಹೊರದಂಡೆಯಾದ್ದರಿಂದ ಮೆಟ್ಟಿಲು ಮುಗಿದೊಡನೆ ಆಳ ಶುರುವಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಸರಪಳಿ ಅಥವಾ ಕಂಬ ಹಿಡಿದು, ಕೊನೆಯ ಮೆಟ್ಟಿಲನ್ನು ಬಿಡದೆ ಮುಳುಗೇಳುವುದು ಲೇಸು.

ಬೆಳಗ್ಗೆ ದೋಣಿ, ಸಂಜೆ ಆರತಿ

ದೋಣಿಯ ವಿಹಾರಕ್ಕೆ ಬೆಳಗನ್ನೂ ಆರತಿಗೆ ಸಂಜೆಯನ್ನೂ ಗೊತ್ತುಮಾಡಿದ್ದು ಪ್ರವಾಸೋದ್ಯಮವಲ್ಲ, ಸೂರ್ಯ. ಬೆಳಗ್ಗೆ ಬೆಳಕು ಎದುರಿನಿಂದ ಬಂದು ಘಟ್ಟಗಳ ಮೈಮೇಲೆ ಬೀಳುವುದರಿಂದ ನೀರಿನ ಮೇಲಿರುವವನಿಗೆ ಊರು ಪೂರ್ತಿ ತೆರೆದುಕೊಳ್ಳುತ್ತದೆ. ಸಂಜೆ ಸೂರ್ಯ ಊರಿನ ಬೆನ್ನಿಗೆ ಇಳಿಯುತ್ತಾನೆ, ಮೆಟ್ಟಿಲುಗಳು ಬೇಗ ಕಪ್ಪಾಗುತ್ತವೆ, ದೀಪಕ್ಕೆ ಬೆಲೆ ಬರುತ್ತದೆ.

ಅಸಿಯಿಂದ ಮಣಿಕರ್ಣಿಕೆಯ ಕಡೆಗೆ ಹೋಗುವ ದೋಣಿ ಹರಿವಿನ ಜೊತೆ ಸಾಗುತ್ತದೆ, ಎದುರು ದಿಕ್ಕಿನ ದೋಣಿ ಹರಿವಿನ ವಿರುದ್ಧ. ಹುಟ್ಟು ಹಾಕುವ ನಿಷಾದ ಸಮುದಾಯದವರು ಇಬ್ಬಗೆಯ ಪ್ರಯಾಣಕ್ಕೂ ಬೇರೆ ಬೇರೆ ದರ ಹೇಳಿದರೆ ಅದಕ್ಕೆ ಅರ್ಥವಿದೆ. ತೋಳಿನ ಶ್ರಮ ಎರಡರಲ್ಲೂ ಒಂದೇ ಅಲ್ಲ. ಈಗ ಯಂತ್ರದ ದೋಣಿಗಳೇ ಹೆಚ್ಚು, ಅವುಗಳಲ್ಲಿ ಬಹಳಷ್ಟು ಸಿಎನ್‌ಜಿಗೆ ಬದಲಾಗಿವೆ. ಎಷ್ಟು ಹೊತ್ತು, ಎಲ್ಲಿಂದ ಎಲ್ಲಿಗೆ, ತಲೆಗಿಷ್ಟೋ ದೋಣಿಗಿಷ್ಟೋ ಎಂಬ ಮೂರು ಪ್ರಶ್ನೆಗಳನ್ನು ಹತ್ತುವ ಮೊದಲೇ ಇತ್ಯರ್ಥ ಮಾಡಿಕೊಂಡರೆ ಇಳಿಯುವಾಗ ಮುಖ ಕೆಡುವುದಿಲ್ಲ. ಲೈಫ್ ಜಾಕೆಟ್ ಕೊಡದ ದೋಣಿಯನ್ನು ಹತ್ತಬೇಡಿ.

ದಶಾಶ್ವಮೇಧದ ಗಂಗಾರತಿಯ ಈಗಿನ ವೈಭವದ ರೂಪ 1990ರ ದಶಕದಿಂದ ಬೆಳೆದದ್ದು. ಅರ್ಚಕರು ಮುಖ್ಯವಾಗಿ ನದಿಗೆ ಮುಖಮಾಡಿ ಆರತಿ ಎತ್ತುತ್ತಾರೆ, ಏಕೆಂದರೆ ಅದು ನಡೆಯುತ್ತಿರುವುದು ಗಂಗೆಗೆ, ನಮಗಲ್ಲ. ಮೆಟ್ಟಿಲ ಮೇಲೆ ಕುಳಿತವರಿಗೆ ಬೆನ್ನು, ದೋಣಿಯಲ್ಲಿರುವವರಿಗೆ ಮುಖ. ಜನಜಂಗುಳಿ ಒಗ್ಗದವರಿಗೆ ಅಸಿ ಘಾಟಿನಲ್ಲಿ ನಸುಕಿನಲ್ಲಿ ನಡೆಯುವ ಆರತಿಯೂ ಅದನ್ನು ಹಿಂಬಾಲಿಸುವ ಸಂಗೀತವೂ ಹಿತವೆನಿಸಬಹುದು. ಅದಕ್ಕೆ 'ಸುಬಹ್-ಎ-ಬನಾರಸ್' ಎಂದು ಹೆಸರು.

ವಿಶ್ವನಾಥನ ದರ್ಶನ ನಡೆಯುವ ಬಗೆ

ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದಾದ ವಿಶ್ವನಾಥನ ಈಗಿನ ದೇವಾಲಯವನ್ನು ಇಂದೋರಿನ ರಾಣಿ ಅಹಲ್ಯಾಬಾಯಿ ಹೋಳ್ಕರ್ 1780ರ ಸುಮಾರಿಗೆ ಕಟ್ಟಿಸಿದರು. ಶಿಖರಗಳ ಚಿನ್ನ ಪಂಜಾಬಿನ ಮಹಾರಾಜ ರಣಜಿತ್ ಸಿಂಗರ ಕೊಡುಗೆ. ಹಿಂದಿನ ದೇವಾಲಯವನ್ನು ಔರಂಗಜೇಬನ ಕಾಲದಲ್ಲಿ, 1669ರಲ್ಲಿ, ಕೆಡವಲಾಯಿತು. ಪಕ್ಕದ ಜ್ಞಾನವಾಪಿ ಮಸೀದಿಯ ಕುರಿತ ವ್ಯಾಜ್ಯ ನ್ಯಾಯಾಲಯದ ಮುಂದಿದ್ದು, ಆ ಪರಿಸರದಲ್ಲಿ ಕಾವಲು ಬಿಗಿಯಾಗಿರಲು ಇದೂ ಒಂದು ಕಾರಣ.

ಮೊದಲು ಗಲ್ಲಿಗಳ ನಡುವೆ ಹುದುಗಿದ್ದ ದೇವಾಲಯಕ್ಕೆ 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ಕಾರಿಡಾರ್ ವಿಶಾಲವಾದ ಅಂಗಳವನ್ನು ಕೊಟ್ಟಿದೆ. ಅದಕ್ಕಾಗಿ ಮುನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಕೊಂಡು ತೆರವು ಮಾಡಲಾಯಿತು. ಮನೆಗಳ ಒಳಗೆ ಮುಚ್ಚಿಹೋಗಿದ್ದ ನಲವತ್ತಕ್ಕೂ ಹೆಚ್ಚು ಗುಡಿಗಳು ಹೊರಬಂದವು. ಹಳೆಯ ಗಲ್ಲಿಗಳನ್ನು ಬಲ್ಲವರಲ್ಲಿ ಕೆಲವರಿಗೆ ಆ ಇಕ್ಕಟ್ಟಿನ ನೆನಪೇ ಪ್ರಿಯ, ಗಾಲಿಕುರ್ಚಿಯಲ್ಲಿ ತಾಯಿಯನ್ನು ಕರೆತಂದವರಿಗೆ ಹೊಸ ಅಂಗಳವೇ ಪ್ರಿಯ. ಯಾತ್ರಿಕನಿಗೆ ಮುಖ್ಯವಾದದ್ದು ಇಷ್ಟು: ಈಗ ಲಲಿತಾ ಘಾಟಿನ ಕಡೆಯ ಗಂಗಾದ್ವಾರದಿಂದ ದೇವಾಲಯಕ್ಕೆ ನೇರವಾಗಿ ಏರಿ ಬರಬಹುದು. ಮಿಂದು, ತಂಬಿಗೆಯಲ್ಲಿ ಗಂಗೆಯನ್ನು ತಂದು, ಲಿಂಗಕ್ಕೆ ಅರ್ಪಿಸುವ ಹಳೆಯ ಕ್ರಮಕ್ಕೆ ದಾರಿ ಮತ್ತೆ ತೆರೆದಿದೆ.

ನಮ್ಮ ದೇವಾಲಯಗಳಿಗಿಂತ ಇಲ್ಲಿ ಎರಡು ವ್ಯತ್ಯಾಸಗಳಿವೆ. ಮೊದಲನೆಯದು, ನಮ್ಮ ಕಡೆಯ ಅನೇಕ ದೇವಾಲಯಗಳಂತೆ ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆಗೆಯುವ ಪದ್ಧತಿ ಇಲ್ಲಿಲ್ಲ. ನಸುಕಿನ ಮೂರು ಗಂಟೆಯ ಸುಮಾರಿಗೆ ನಡೆಯುವ ಮಂಗಳಾರತಿಯಿಂದ ರಾತ್ರಿಯ ಶಯನಾರತಿಯವರೆಗೆ, ನಡುನಡುವಿನ ಆರತಿಗಳ ಹೊತ್ತನ್ನು ಬಿಟ್ಟರೆ, ದರ್ಶನ ಸಾಗುತ್ತಲೇ ಇರುತ್ತದೆ. ಎರಡನೆಯದು ಸ್ಪರ್ಶ ದರ್ಶನ. ಗರ್ಭಗುಡಿಯ ಹೊಸ್ತಿಲ ಹೊರಗೆ ಕೈಮುಗಿದು ರೂಢಿಯಾದ ನಮಗೆ, ಬೆಳ್ಳಿಯ ಕಟ್ಟೆಯ ನಡುವಿನ ಪುಟ್ಟ ಲಿಂಗವನ್ನು ಭಕ್ತರೇ ಮುಟ್ಟಬಹುದು ಎಂಬುದು ಅಚ್ಚರಿಯ ಸಂಗತಿ. ಆದರೆ ಇದಕ್ಕೆ ಹೊತ್ತು ನಿಗದಿಯಾಗಿದ್ದು, ಜನ ಹೆಚ್ಚಾದ ದಿನಗಳಲ್ಲಿ ನಿಲ್ಲಿಸುತ್ತಾರೆ. ಮುಟ್ಟಲು ಸಿಗಲಿಲ್ಲವೆಂದು ಹಿರಿಯರು ನೊಂದುಕೊಳ್ಳದಂತೆ ಈ ಮಾತನ್ನು ಮೊದಲೇ ತಿಳಿಸಿರುವುದು ಒಳ್ಳೆಯದು.

ಮೊಬೈಲನ್ನೂ ಚೀಲವನ್ನೂ ಒಳಗೆ ಬಿಡುವುದಿಲ್ಲ. ದೇವಾಲಯದ ಲಾಕರುಗಳಿವೆ, ಹೊರಗಿನ ಹೂವಿನ ಅಂಗಡಿಯವರೂ ಇಟ್ಟುಕೊಳ್ಳುತ್ತಾರೆ, ಆದರೆ ಹೂವಿನ ಬುಟ್ಟಿಯ ಬೆಲೆಯಲ್ಲಿ ಆ ಸೇವೆಯ ಬಾಡಿಗೆ ಸೇರಿರುತ್ತದೆ. ಒಮ್ಮೆ ನಾನು ನೂರು ರೂಪಾಯಿಯದೆಂದು ಕೈಗಿತ್ತ ಬುಟ್ಟಿ ಹಿಂತಿರುಗುವ ಹೊತ್ತಿಗೆ ಮುನ್ನೂರೈವತ್ತಾಗಿತ್ತು, ಮೊಬೈಲು ಅವರ ಕಪಾಟಿನಲ್ಲಿದ್ದುದರಿಂದ ವಾದಕ್ಕೆ ಬಲವಿರಲಿಲ್ಲ. ಹಣ ಕೊಟ್ಟು ಬೇಗ ಹೋಗುವ 'ಸುಗಮ ದರ್ಶನ'ದ ಟಿಕೆಟನ್ನು ದೇವಾಲಯದ ಕೌಂಟರಿನಲ್ಲೋ ಅಧಿಕೃತ ಜಾಲತಾಣದಲ್ಲೋ ಪಡೆಯಬೇಕೇ ಹೊರತು ದಾರಿಯಲ್ಲಿ ಅಡ್ಡಬಂದವರಿಂದಲ್ಲ.

ವಿಶ್ವನಾಥನ ಪಕ್ಕದಲ್ಲೇ ಅನ್ನಪೂರ್ಣೆ, ಸ್ವಲ್ಪ ದೂರದಲ್ಲಿ ವಿಶಾಲಾಕ್ಷಿ. ಕಾಲಭೈರವನನ್ನು ಕಾಶಿಯ ಕೊತ್ವಾಲ, ಅಂದರೆ ಪೊಲೀಸ್ ಅಧಿಕಾರಿ ಎನ್ನುತ್ತಾರೆ. ಊರಿಗೆ ಬಂದವರು ಅವನಿಗೆ ವರದಿ ಒಪ್ಪಿಸಬೇಕೆಂಬುದು ನಂಬಿಕೆ. ನಮ್ಮಲ್ಲಿ ಯಾತ್ರೆ ಮುಗಿಸಿದವರು ನೆರೆಹೊರೆಗೆ ಹಂಚುವ ಕರಿಯ ಕಾಶೀದಾರ ಬರುವುದು ಅಲ್ಲಿಂದ.

ಮಣಿಕರ್ಣಿಕೆ ಮತ್ತು ಹರಿಶ್ಚಂದ್ರ

ಬೇರೆ ಊರುಗಳಲ್ಲಿ ಸ್ಮಶಾನ ಊರಾಚೆ ಇರುತ್ತದೆ. ಕಾಶಿಯಲ್ಲಿ ಅದು ಊರ ನಡುವೆ, ಸ್ನಾನದ ಘಟ್ಟಗಳ ಪಕ್ಕದಲ್ಲಿದೆ. ಇದಕ್ಕೆ ಕಾರಣ ಒಂದು ನಂಬಿಕೆ: ಕಾಶಿಯಲ್ಲಿ ಸಾಯುವವರ ಕಿವಿಯಲ್ಲಿ ಶಿವನೇ ತಾರಕಮಂತ್ರವನ್ನು ಹೇಳುತ್ತಾನೆ, ಅವರಿಗೆ ಮರುಹುಟ್ಟಿಲ್ಲ. ಸಾವು ಬಿಡುಗಡೆಯಾದ ಮೇಲೆ ಅದನ್ನು ಅಶುಭವೆಂದು ದೂರವಿಡುವ ಅಗತ್ಯವೂ ಇಲ್ಲ. ಕೊನೆಯ ದಿನಗಳನ್ನು ಕಳೆಯಲೆಂದೇ ಬಂದು ತಂಗುವವರಿಗಾಗಿ ಇಲ್ಲಿ ಮುಕ್ತಿಭವನಗಳಿವೆ.

ಶವದಹನ ನಡೆಯುವ ಘಟ್ಟಗಳು ಎರಡು. ದೊಡ್ಡದಾದ ಮಣಿಕರ್ಣಿಕೆಯಲ್ಲಿ ಹಗಲಿರುಳೂ ಚಿತೆ ಉರಿಯುತ್ತದೆ. ಹರಿಶ್ಚಂದ್ರ ಘಾಟಿನಲ್ಲಿ ಕಟ್ಟಿಗೆಯ ಚಿತೆಗಳ ಜೊತೆ ವಿದ್ಯುತ್ ಚಿತಾಗಾರವೂ ಇದೆ. ಸತ್ಯಕ್ಕಾಗಿ ಸುಡುಗಾಡು ಕಾಯ್ದ ಅರಸನ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಆ ಹೆಸರನ್ನು ವಿವರಿಸಬೇಕಿಲ್ಲ. ಚಿತೆಗೆ ಬೆಂಕಿ ಕೊಡುವ ಹಕ್ಕು ಪರಂಪರೆಯಿಂದ ಡೋಮ ಸಮುದಾಯದ್ದು. ಮಂತ್ರ ಯಾರೇ ಹೇಳಲಿ, ಬೆಂಕಿಯನ್ನು ಅವರ ಕೈಯಿಂದಲೇ ಪಡೆಯಬೇಕು.

ಇಲ್ಲಿ ಫೋಟೋ ತೆಗೆಯಬಾರದು. ಅದು ಒಂದು ಮನೆಯವರ ಶೋಕದ ಗಳಿಗೆ. ಬಡವರ ಚಿತೆಗೆ ಕಟ್ಟಿಗೆ ಕೊಡಿಸಿ ಎಂದು ಬೆನ್ನು ಹತ್ತುವವರು ಈ ಘಟ್ಟಗಳಲ್ಲಿ ಸಿಗುತ್ತಾರೆ. ಕೈಮುಗಿದು ಮುಂದೆ ಸಾಗಿದರೆ ಸಾಕು.

ಯಾವಾಗ ಹೋಗಬೇಕು: ಎರಡು ಪಂಚಾಂಗಗಳ ತೊಡಕು

ಇಲ್ಲಿ ಹಲವರು ಎಡವುವುದರಿಂದ ತುಸು ನಿಧಾನವಾಗಿ ಹೇಳಬೇಕು. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಇದು ಅಮಾಂತ ಪದ್ಧತಿ. ಉತ್ತರದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ಅದು ಪೂರ್ಣಿಮಾಂತ. ಶುಕ್ಲಪಕ್ಷದ ಹೆಸರು ಎರಡೂ ಕಡೆ ಒಂದೇ, ಕೃಷ್ಣಪಕ್ಷದಲ್ಲಿ ಮಾತ್ರ ಅವರು ಒಂದು ತಿಂಗಳು ಮುಂದಿರುತ್ತಾರೆ. ಫೆಬ್ರವರಿ ತಿಂಗಳನ್ನು ಬ್ಯಾಂಕಿನವರು ಹಳೆಯ ಆರ್ಥಿಕ ವರ್ಷಕ್ಕೂ ಗೋಡೆಯ ಕ್ಯಾಲೆಂಡರು ಹೊಸ ವರ್ಷಕ್ಕೂ ಸೇರಿಸುವಂತೆ, ದಿನ ಅದೇ, ಲೆಕ್ಕ ಬೇರೆ.

ಇದರ ಪರಿಣಾಮವನ್ನು ಶ್ರಾವಣದಲ್ಲಿ ಕಾಣಬಹುದು. ನಮಗೆ ಭೀಮನ ಅಮಾವಾಸ್ಯೆ ಕಳೆದ ಮೇಲೆ ಶ್ರಾವಣ. ಅವರಿಗೆ ಗುರುಪೂರ್ಣಿಮೆಯ ಮರುದಿನವೇ 'ಸಾವನ್' ಶುರು. ಆಷಾಢದಲ್ಲಿ ಯಾರೂ ಹೋಗುವುದಿಲ್ಲ, ಜನ ಕಡಿಮೆ ಇರುತ್ತಾರೆ ಎಂದು ಲೆಕ್ಕ ಹಾಕಿ ಆಷಾಢದ ಎರಡನೆಯ ಅರ್ಧಕ್ಕೆ ಟಿಕೆಟ್ ಮಾಡಿಸಿದವರು, ಕಾವಡಿ ಹೊತ್ತ ಲಕ್ಷಾಂತರ ಭಕ್ತರ ನಡುವೆ ಸಾವನ್ ಸೋಮವಾರದ ಸರದಿಯಲ್ಲಿ ನಿಂತಿರುತ್ತಾರೆ. ಹಬ್ಬದ ದಿನಗಳಲ್ಲಿ ಈ ತೊಡಕಿಲ್ಲ. ಶಿವರಾತ್ರಿಯನ್ನು ನಾವು ಮಾಘದ್ದೆಂದೂ ಅವರು ಫಾಲ್ಗುಣದ್ದೆಂದೂ ಕರೆದರೂ ಆಚರಿಸುವುದು ಒಂದೇ ರಾತ್ರಿ. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಯಂದು ಘಟ್ಟಗಳ ಉದ್ದಕ್ಕೂ ಹಣತೆ ಹಚ್ಚುತ್ತಾರೆ. ನೋಡಲೇಬೇಕೆನ್ನುವವರು ಕೋಣೆಯನ್ನೂ ದೋಣಿಯನ್ನೂ ತಿಂಗಳುಗಳ ಮುಂಚೆ ಕಾದಿರಿಸಬೇಕು. ಪ್ರಯಾಗದಲ್ಲಿ ಕುಂಭವಿದ್ದರೆ ಅದರ ಜನಸಾಗರ ಕಾಶಿಗೂ ಉಕ್ಕುತ್ತದೆ, 2025ರ ಆರಂಭದಲ್ಲಿ ಹಾಗೆಯೇ ಆಯಿತು.

ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಮತ್ತೊಂದು ಸಮಸ್ಯೆಯಿದೆ. ನದಿ ಬೇಸಿಗೆಯ ಮಟ್ಟಕ್ಕಿಂತ ಹತ್ತು ಮೀಟರಿಗೂ ಹೆಚ್ಚು ಏರುವುದುಂಟು. ವಾರಾಣಸಿಯಲ್ಲಿ ಅಪಾಯದ ಮಟ್ಟ ಸಮುದ್ರಮಟ್ಟದಿಂದ 71.262 ಮೀಟರ್, 1978ರಲ್ಲಿ ನೀರು 73.901 ಮೀಟರ್ ಮುಟ್ಟಿತ್ತು. ನೆರೆ ಬಂದಾಗ ಮೆಟ್ಟಿಲುಗಳು ಮುಳುಗುತ್ತವೆ, ಘಟ್ಟದಿಂದ ಘಟ್ಟಕ್ಕೆ ನಡೆಯುವ ದಾರಿ ಇಲ್ಲವಾಗುತ್ತದೆ, ದೋಣಿ ನಿಲ್ಲುತ್ತದೆ, ಆರತಿ ಕಟ್ಟಡದ ಮಾಳಿಗೆಗೆ ಏರುತ್ತದೆ, ದಹನ ಮೇಲಿನ ಜಾಗಕ್ಕೆ ಸರಿಯುತ್ತದೆ. ಮೇ, ಜೂನ್ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಮಂಜು ಕವಿದು ರೈಲು ವಿಮಾನಗಳು ತಡವಾಗುತ್ತವೆ, ಸೂರ್ಯೋದಯ ಕಾಣದೆ ಹೋಗಬಹುದು. ಉಳಿದದ್ದು ನವೆಂಬರ್ ಮತ್ತು ಫೆಬ್ರವರಿಯಿಂದ ಮಾರ್ಚ್ ನಡುವೆಯ ದಿನಗಳು. ಚಳಿಗಾಲದಲ್ಲಿ ಹೋದವರಿಗೆ ಮಲಯ್ಯೋ ಸಿಗುತ್ತದೆ. ಇಬ್ಬನಿಯಲ್ಲಿಟ್ಟ ಹಾಲನ್ನು ಕಡೆದು ತೆಗೆದ, ಕೇಸರಿ ಬಣ್ಣದ ನೊರೆಯನ್ನು ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರೆ. ನಾಲಿಗೆಗೆ ತಗುಲಿತು ಎನ್ನುವಷ್ಟರಲ್ಲಿ ಅದು ಇರುವುದಿಲ್ಲ, ಬಿಸಿಲೇರಿದ ಮೇಲೆ ಅಂಗಡಿಯಲ್ಲೂ ಇರುವುದಿಲ್ಲ.

ಆ ನೀರು ಎಷ್ಟು ಶುದ್ಧ?

ಪಾವಿತ್ರ್ಯ ಬೇರೆ, ಸ್ವಚ್ಛತೆ ಬೇರೆ. ಮೊದಲನೆಯದು ನಂಬಿಕೆಗೆ ಸೇರಿದ್ದು, ಎರಡನೆಯದನ್ನು ಅಳೆಯಬಹುದು. ನಮ್ಮ ದೇಶದ ಮಾನದಂಡದ ಪ್ರಕಾರ ಸ್ನಾನಕ್ಕೆ ಯೋಗ್ಯವೆನಿಸಲು 100 ಮಿಲಿಲೀಟರ್ ನೀರಿನಲ್ಲಿ ಮಲಮೂಲದ ಕೋಲಿಫಾರಂ ಬ್ಯಾಕ್ಟೀರಿಯಾಗಳ ಎಣಿಕೆ 2,500ನ್ನು ಮೀರಬಾರದು, 500ರೊಳಗಿದ್ದರೆ ಉತ್ತಮ. ಕುಡಿಯುವ ನೀರಿನಲ್ಲಿ ಅವು ಇರಲೇಕೂಡದು. ಸ್ನಾನಕ್ಕೆ ಒಪ್ಪಿತವಾದ ನೀರೂ ಕುಡಿಯಲು ಏಕೆ ಸಲ್ಲದು ಎಂಬುದು ಈ ಎರಡು ಅಳತೆಗಳ ಅಂತರದಿಂದಲೇ ತಿಳಿಯುತ್ತದೆ. ನದಿಗೆ ಚರಂಡಿ ಸೇರುವುದನ್ನು ತಡೆಯಲು 1986ರಲ್ಲಿ ಗಂಗಾ ಕ್ರಿಯಾ ಯೋಜನೆಗೆ ಚಾಲನೆ ದೊರೆತದ್ದು ವಾರಾಣಸಿಯಲ್ಲೇ. 2014ರ ನಮಾಮಿ ಗಂಗೆ ಯೋಜನೆಯಡಿ ಇನ್ನಷ್ಟು ಶುದ್ಧೀಕರಣ ಘಟಕಗಳು ಬಂದವು. ಹಾಗಿದ್ದರೂ ನೀರಿನ ಗುಣ ಜಾಗದಿಂದ ಜಾಗಕ್ಕೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಮೂರು ಮುಳುಗು ಹಾಕಿ, ಬಾಯಿಗೆ ನೀರು ಹೋಗದಂತೆ ನೋಡಿಕೊಂಡು, ತೀರ್ಥವನ್ನು ತಲೆಗೆ ಪ್ರೋಕ್ಷಿಸಿಕೊಳ್ಳುವುದು ಹೆಚ್ಚಿನವರಿಗೆ ಸಾಧ್ಯವಾದ ಮಧ್ಯಮಾರ್ಗ. ಗಾಯವಿದ್ದವರೂ ಸಕ್ಕರೆ ಕಾಯಿಲೆಯವರೂ ವೈದ್ಯರನ್ನು ಕೇಳಿ ಹೊರಡಲಿ.

ಪ್ರಯಾಗ, ಗಯಾ, ರಾಮೇಶ್ವರ

ಸಾಂಪ್ರದಾಯಿಕವಾಗಿ ಕಾಶಿ ಒಂಟಿ ಯಾತ್ರೆಯಲ್ಲ. ಪ್ರಯಾಗ, ಕಾಶಿ, ಗಯಾ ಸೇರಿ ತ್ರಿಸ್ಥಳಿ. ಸುಮಾರು 125 ಕಿ.ಮೀ. ದೂರದ ಪ್ರಯಾಗದಲ್ಲಿ ಗಂಗೆ ಯಮುನೆಗಳ ಸಂಗಮಸ್ನಾನ ಮತ್ತು ಸುಮಂಗಲಿಯರ ವೇಣೀದಾನ. ಪತಿಯೇ ಹೆಂಡತಿಯ ಜಡೆ ಹೆಣೆದು ತುದಿಯ ಕೂದಲನ್ನು ಕತ್ತರಿಸಿ ಸಂಗಮಕ್ಕೆ ಅರ್ಪಿಸುವ ವಿಧಿಯಿದು. ಸುಮಾರು 250 ಕಿ.ಮೀ. ದೂರದ ಗಯೆಯಲ್ಲಿ ಫಲ್ಗು ನದಿ, ವಿಷ್ಣುಪಾದ, ಅಕ್ಷಯವಟಗಳಲ್ಲಿ ಪಿತೃಗಳಿಗೆ ಪಿಂಡ. ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಟ್ಟುಬರುವ ಸಂಕಲ್ಪವೂ ಈ ಯಾತ್ರೆಯ ಭಾಗ. ಹಾಗಲಕಾಯಿ ಬಿಡುತ್ತೇನೆಂದು ಜಾಣತನ ತೋರುವವರೂ ಇದ್ದಾರೆ, ಆದರೆ ಬಿಡಬೇಕಾದದ್ದು ಪ್ರಿಯವಾದುದನ್ನು. ಕಾಶಿಯಿಂದ ಸುಮಾರು 10 ಕಿ.ಮೀ. ದೂರದಲ್ಲಿ, ಬುದ್ಧನು ಮೊದಲ ಉಪದೇಶ ನೀಡಿದ ಸಾರನಾಥವಿದೆ. ನಮ್ಮ ರಾಷ್ಟ್ರಲಾಂಛನದ ಮೂಲವಾದ ಅಶೋಕನ ಸಿಂಹಶಿಲ್ಪವನ್ನು ಅಲ್ಲಿಯ ಸಂಗ್ರಹಾಲಯದಲ್ಲಿ ನೋಡಬಹುದು; ಶುಕ್ರವಾರ ಅದಕ್ಕೆ ರಜೆ.

ಯಾತ್ರೆಯ ಇನ್ನೊಂದು ತುದಿ ರಾಮೇಶ್ವರದಲ್ಲಿದೆ. ಅಲ್ಲಿಯ ಮರಳನ್ನು ತಂದು ಗಂಗೆಗೆ ಬಿಡುವುದು, ಗಂಗೆಯನ್ನು ಒಯ್ದು ರಾಮೇಶ್ವರನಿಗೆ ಅಭಿಷೇಕ ಮಾಡಿಸುವುದು ಹಳೆಯ ನಿಯಮ. ಆ ನೀರನ್ನು ತುಂಬುವ ಪುಟ್ಟ ತಾಮ್ರದ ಗಿಂಡಿಗಳು ದಶಾಶ್ವಮೇಧದ ದಾರಿಯ ಅಂಗಡಿಗಳಲ್ಲಿ ಸಿಗುತ್ತವೆ. ನೀರು ತುಂಬಿಸಿ ಕೊಟ್ಟರೆ ಬಾಯಿಗೆ ಬಿಲ್ಲೆ ಕೂರಿಸಿ, ಅಂಚಿಗೆ ಬೆಸುಗೆ ಹಾಕಿ, ತಲೆಕೆಳಗೆ ಹಿಡಿದು ಒಂದು ಹನಿಯೂ ಸೋರದೆಂದು ತೋರಿಸುತ್ತಾರೆ. ನಮ್ಮ ಮನೆಯ ದೇವರ ಗೂಡಿನಲ್ಲಿ ಅಂಥ ಎರಡು ಗಿಂಡಿಗಳಿದ್ದವು. ಅಜ್ಜಿ ತಂದದ್ದರಲ್ಲಿ ಒಂದನ್ನು ಅವರ ಕೊನೆಯ ದಿನ ಒಡೆದು ತುಳಸಿದಳದಲ್ಲಿ ಬಾಯಿಗೆ ಬಿಟ್ಟರು. ಇನ್ನೊಂದು ಬೆಸುಗೆ ಬಿಡದೆ ಹಾಗೆಯೇ ಇದೆ. ಕಿವಿಯ ಬಳಿ ಹಿಡಿದು ಅಲುಗಿಸಿದರೆ ಈಗಲೂ ಒಳಗಿನ ನೀರು ಸದ್ದು ಮಾಡುತ್ತದೆ.